ಗಣಕಯಂತ್ರದಲ್ಲೊಂದು ಜಗಲಿ

ನಮ್ಮ ಕಾಸರಗೋಡಿನ ಕಡೆ ಮನೆ ಕಟ್ಟಿಸುವವರು ಹಿಂದೆ ಮೊದಲು ಕಾಣುತ್ತಿದ್ದುದು ಮೇಸ್ತ್ರಿಯನ್ನು. ಅವನು ಜಾಗದಲ್ಲಿ ಅತ್ತಿತ್ತ ನಡೆದು, ನೀರು ಹರಿಯುವ ದಿಕ್ಕನ್ನು ನೋಡಿ, ಕೋಲಿನಿಂದ ನೆಲದಲ್ಲಿ ಗೆರೆ ಎಳೆದು ತೋರಿಸಿದರೆ ಅದೇ ನಕ್ಷೆ. ಈಗ ಕ್ರಮ ಬದಲಾಗಿದೆ. ಮನೆಯ ಯಜಮಾನ ದುಬೈಯಲ್ಲೋ ದೋಹಾದಲ್ಲೋ ಇರುತ್ತಾನೆ. ಮೊಬೈಲಿನಲ್ಲಿ ಬಣ್ಣಬಣ್ಣದ ಚಿತ್ರವೊಂದನ್ನು ಕಳುಹಿಸಿ, "ಇದೇ ರೀತಿ ಆಗಬೇಕು" ಎನ್ನುತ್ತಾನೆ. ಚಿತ್ರ ಬರೆಯಲಾರದ ಗುತ್ತಿಗೆದಾರನು ಕಲ್ಲು, ಸಿಮೆಂಟಿನ ಲೆಕ್ಕಕ್ಕೆ ಮಾತ್ರ ಬೇಕಾದವನಾಗುತ್ತಾನೆ. ಅವನ ಅನುಭವವನ್ನು ಕೇಳುವವರಿಲ್ಲ.

ಈ ಸಂಕಟವನ್ನು ಹೇಳಿಕೊಂಡು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯ ಅನಂತರ ತಂದೆಯೊಡನೆ ಕರಣೆ ಹಿಡಿದವನು, ಈಗ ಐವತ್ತು ದಾಟಿದ ಕಟ್ಟಡ ಗುತ್ತಿಗೆದಾರ. "ಮಾಷ್ಟ್ರೇ, ಮಗಳು ಲ್ಯಾಪ್‌ಟಾಪಿಗೆ ಸ್ಕೆಚ್‌ಅಪ್ ಹಾಕಿಕೊಟ್ಟಿದ್ದಾಳೆ. ಅದರ ಇಂಗ್ಲಿಷು ತಲೆಗೆ ಹೋಗುವುದಿಲ್ಲ. ನೀವು ಸ್ವಲ್ಪ ಜೊತೆಗೆ ಕೂತುಕೊಳ್ಳಬೇಕು" ಎಂದ. ಮನೆಯಲ್ಲಿ ತುಳು, ಕೆಲಸದವರೊಡನೆ ಮಲಯಾಳ ಮತ್ತು ಹಿಂದಿ, ಲೆಕ್ಕಪುಸ್ತಕದಲ್ಲಿ ಕನ್ನಡ. ಇಷ್ಟರಲ್ಲಿ ವ್ಯವಹರಿಸುವವನಿಗೆ ಐದನೆಯದು ಹೊರೆಯಾಗಿತ್ತು.

ಸ್ಕೆಚ್‌ಅಪ್ 2000ನೆಯ ಇಸವಿಯಲ್ಲಿ ಬಂದ ತಂತ್ರಾಂಶ. ಅದರ ಮುಖ್ಯ ಯುಕ್ತಿ ಸರಳವಾದದ್ದು: ನೆಲದಲ್ಲಿ ಆಯತವನ್ನು ಬರೆದು ಮೇಲಕ್ಕೆ ಎಳೆದರೆ ಪೆಟ್ಟಿಗೆಯಾಗುತ್ತದೆ. ಆದರೆ ಅವನ ಮೊದಲ ಗೋಡೆಗಳಿಗೆ ದಪ್ಪವೇ ಇರಲಿಲ್ಲ. ದಪ್ಪವನ್ನು ನಾವೇ ಇನ್ನೊಂದು ಗೆರೆ ಬರೆದು ಕೊಡಬೇಕು. "ಇದು ಮುರಕಲ್ಲಲ್ಲ ಮಾಷ್ಟ್ರೇ, ಕಾಗದ" ಎಂದು ನಕ್ಕ. ಅಳತೆಯದು ಇನ್ನೊಂದು ತೊಡಕು. ಮಿಲಿಮೀಟರಿನ ಲೆಕ್ಕದಲ್ಲಿ ತೆರೆದ ಹಾಳೆಯಲ್ಲಿ 10 ಎಂದು ಒತ್ತಿದಾಗ ಕೋಣೆ ಹತ್ತು ಅಡಿಯದಾಗದೆ ಇರುವೆಯ ಸಂಸಾರಕ್ಕೆ ತಕ್ಕಷ್ಟಾಯಿತು. ನಮ್ಮಲ್ಲಂತೂ ಅಳತೆ ಮೂರು ವಿಧ: ಮನೆಯವರ ಮಾತು ಚದರ ಅಡಿಯಲ್ಲಿ, ಪರವಾನಗಿಯ ಲೆಕ್ಕ ಚದರ ಮೀಟರಿನಲ್ಲಿ, ಆಚಾರಿಯ ಸುತ್ತಳತೆ ಕೋಲು-ಅಂಗುಲಗಳಲ್ಲಿ. 24 ಅಂಗುಲದ ಕೋಲನ್ನು 72 ಸೆಂಟಿಮೀಟರ್ ಎಂದು ಹಿಡಿಯುವುದು ರೂಢಿ. ಆಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಮೂರನ್ನೂ ಹೊಂದಿಸದೆ ಇಲ್ಲಿ ಪಂಚಾಂಗ ಏಳುವುದಿಲ್ಲ.

ಪರವಾನಗಿಯ ನಕ್ಷೆಯ ಮಾತು ಬೇರೆ. ಕೇರಳದ 2019ರ ಕಟ್ಟಡ ನಿಯಮಗಳಂತೆ ಅದಕ್ಕೆ ನೋಂದಾಯಿತ ಇಂಜಿನಿಯರ್ ಮುಂತಾದವರ ಸಹಿ ಬೇಕು. ಅರ್ಜಿ ಈಗ ಕೆ-ಸ್ಮಾರ್ಟ್ ಮೂಲಕ ಹೋಗುತ್ತದೆ. ಇವನಿಗೆ ಬೇಕಾಗಿದ್ದುದು ಮನೆಯವರಿಗೆ ತನ್ನ ಮಾತನ್ನು ಮನದಟ್ಟು ಮಾಡಬಲ್ಲ ಚಿತ್ರ.

ನೆರಳಿನ ಸಾಧನವನ್ನು ಕಂಡ ದಿನ ನಾವಿಬ್ಬರೂ ಊಟವನ್ನು ಮರೆತೆವು. ಊರನ್ನು ಗುರುತಿಸಿ, ತಿಂಗಳು, ಗಂಟೆಗಳನ್ನು ಕೊಟ್ಟರೆ ಮನೆಯ ನೆರಳು ತಾನಾಗಿ ಬೀಳುತ್ತದೆ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಜೂನಿನಲ್ಲಿ ಉತ್ತರಕ್ಕೆ ಸರಿಯುತ್ತಾನೆ. ತರಗತಿಯಲ್ಲಿ ನಾನು ಭೂಗೋಳವನ್ನು ತಿರುಗಿಸಿ ಹೇಳುತ್ತಿದ್ದುದನ್ನು ಅವನು ಅಂದು ತೆರೆಯ ಮೇಲೆ ಕಂಡ. ಅವನ ಕೈಯಲ್ಲಿದ್ದುದು ದೋಹಾದ ಯಜಮಾನನೊಬ್ಬನು ಬಯಸಿದ, ಸೂರಿಲ್ಲದ ಚಪ್ಪಟೆ ಮನೆ. ಪಶ್ಚಿಮದ ಗೋಡೆಗೆ ಮೂರು ಅಡಿಯ ಇಳಿಮಾಡನ್ನು ಸೇರಿಸಿದಾಗ ಏಪ್ರಿಲ್ ತಿಂಗಳ ಎರಡು ಗಂಟೆಯ ಬಿಸಿಲಿನಿಂದ ಕಿಟಕಿ ಪೂರ್ತಿ ನೆರಳಿಗೆ ಬಂತು. ನಾಲ್ಕು ಗಂಟೆಗೆ ಗೋಡೆಯ ಮೇಲಿನ ಎರಡಡಿಯಷ್ಟು ಮಾತ್ರ.

ಬಿಸಿಲನ್ನು ತೋರಿಸುವ ಈ ಸಾಧನಕ್ಕೆ ಮಳೆ ಗೊತ್ತಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಊರಿಗೆ ಇದು ಸಣ್ಣ ಕೊರತೆಯಲ್ಲ. ನೈಋತ್ಯದ ಗಾಳಿಗೆ ಓರೆಯಾಗಿ ಹೊಡೆಯುವ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಒಳಗೋಡೆಯನ್ನೂ ಹಸಿ ಮಾಡುತ್ತದೆ. ಅವನು ಸೂರಿನ ಅಂಚಿನಿಂದ ಗೋಡೆಯ ಕಡೆಗೆ ಓರೆಯಾಗಿ ನೀಲಿ ಗೆರೆಗಳನ್ನು ಎಳೆದ. ಎಷ್ಟು ಓರೆ ಎಂದು ಕೇಳಿದೆ. "ಆಟಿ ತಿಂಗಳಲ್ಲಿ ಜಗಲಿ ಎಲ್ಲಿಯವರೆಗೆ ಒದ್ದೆಯಾಗುತ್ತದೆ ಎಂದು ನಾನು ನೋಡಿದ್ದೇನಲ್ಲ ಮಾಷ್ಟ್ರೇ" ಎಂದ. ಸೂರಿನ ಎತ್ತರ, ಒದ್ದೆಯಾದ ನೆಲದ ಉದ್ದ. ಇವೆರಡಿದ್ದರೆ ಕೋನವನ್ನು ಕಂಡುಹಿಡಿಯುವುದು ನನ್ನ ಕೆಲಸ. ಗುರುಶಿಷ್ಯರ ವಿದ್ಯೆ ಅಷ್ಟು ಚೆನ್ನಾಗಿ ಕೂಡಿದ್ದು ಶಾಲೆಯಲ್ಲಿಯೂ ನೆನಪಿಲ್ಲ.

ಸಿದ್ಧ ಭಾಗಗಳ ಸಂಗ್ರಹದಲ್ಲಿ ಸೋಫಾಗಳಿವೆ, ಕಾರುಗಳಿವೆ. ನಮ್ಮ ಮನೆಗಳ ಭಾಗಗಳನ್ನು ಅವನು ತಾನೇ ಬರೆದು ಕನ್ನಡದಲ್ಲಿ ಹೆಸರಿಟ್ಟ: ಜಗಲಿ, ಚಾವಡಿ, ಬಚ್ಚಲು, ಅಟ್ಟ. ಈಗ ಎಲ್ಲರ ಬಾಯಲ್ಲೂ ಸಿಟ್‌ಔಟ್, ವರ್ಕ್ ಏರಿಯಾ. ಭಾಷೆಯ ಹಕ್ಕಿಗಾಗಿ ನಡೆದ ಸಭೆಗಳಲ್ಲಿ ನಾನೂ ಕುಳಿತವನೇ. ಜಗಲಿಯೇ ಇಲ್ಲದ ಮನೆಗಳಲ್ಲಿ ಆ ಪದ ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿದ್ದು ಕೇಳಿಲ್ಲ.

ದೋಹಾದ ಯಜಮಾನನು ಚಿತ್ರಗಳನ್ನು ನೋಡಿ ಪಶ್ಚಿಮದ ಇಳಿಮಾಡಿಗೆ ಒಪ್ಪಿದ್ದಾನೆ. ಎದುರಿನ ಭಾಗ ಮಾತ್ರ ಚಪ್ಪಟೆಯಾಗಿಯೇ ಇರಬೇಕಂತೆ. ಶಿಷ್ಯನೀಗ ಹಂಚಿನ ಮಾಡನ್ನು ಬರೆಯುತ್ತಿದ್ದಾನೆ. ಮೂಲೆಯಲ್ಲಿ ಎರಡು ಇಳಿಜಾರುಗಳು ಕೂಡುವಲ್ಲಿ ಗೆರೆ ಇನ್ನೂ ಸರಿಬರುತ್ತಿಲ್ಲ. ಆ ಜೋಡಣೆಯನ್ನು ಬಲ್ಲ ಹಿರಿಯ ಆಚಾರಿಯೊಬ್ಬರನ್ನು ಬರುವ ಆದಿತ್ಯವಾರ ನಮ್ಮ ಮನೆಗೆ ಕರೆದಿದ್ದಾನೆ.