ಕೆಂಚನ ಮೂಗಿನ ಮಂಗಳೂರು

ಮಂಗಳೂರಿಗೆ ಹೋಗಿಬಂದೆ ಎಂದರೆ ಮೈಸೂರಿನ ನಮ್ಮ ನೆಂಟರು ಕೇಳುವ ಪ್ರಶ್ನೆಗಳು ಇಷ್ಟೇ: ಕದ್ರಿ ದೇವಸ್ಥಾನಕ್ಕೆ ಹೋದಿರಾ, ಅಲೋಶಿಯಸ್ ಚಾಪೆಲ್ಲಿನ ಚಿತ್ರ ನೋಡಿದಿರಾ, ಗಡ್‌ಬಡ್ ತಿಂದಿರಾ? ಮೂರಕ್ಕೂ ಇಲ್ಲ ಎಂದರೆ, ಮತ್ತೆ ಪೆಟ್ರೋಲು ಸುಟ್ಟುಕೊಂಡು ಹೋಗಿದ್ದಾದರೂ ಯಾಕೆ ಎನ್ನುವಂತೆ ನೋಡುತ್ತಾರೆ. ನಾಯಿ ಕರಕೊಂಡು ಹೋಗಿದ್ದೆ ಎಂದ ಮೇಲಂತೂ ಮಾತು ಬೇರೆ ಕಡೆ ತಿರುಗುತ್ತದೆ.

ನಾಯಿ ಜೊತೆಗಿದ್ದರೆ ಗುಡಿ, ಚರ್ಚು, ಹೋಟೆಲು, ಐಸ್‌ಕ್ರೀಮ್ ಪಾರ್ಲರು ಎಲ್ಲವೂ ಊರಿನ ನಕಾಶೆಯಿಂದ ತಾವಾಗಿಯೇ ಉದುರಿಬೀಳುತ್ತವೆ. ನಾಯಿ ಭೈರವನ ವಾಹನ ಹೌದು. ಆದರೆ ಆ ಮರ್ಯಾದೆ ಹೊಸ್ತಿಲಾಚೆಗೆ ನಡೆಯುವುದಿಲ್ಲ. ಉಳಿಯುವುದು ಊರಿನ ಅಂಚು: ಮರಳು, ಧಕ್ಕೆ, ನದಿಯ ದೋಣಿ, ಹಿತ್ತಲಿನ ಓಣಿ. ನನಗಂತೂ ಇದು ನಷ್ಟ ಎನಿಸಿಲ್ಲ. ಇಟಲಿಯ ಚಿತ್ರಕಾರ ಮೊಸ್ಕೇನಿ ಅಲೋಶಿಯಸ್ ಚಾಪೆಲ್ಲಿನ ಗೋಡೆಯಿಂದ ಚಾವಣಿಯವರೆಗೆ ಬರೆದ ಚಿತ್ರಗಳು ಅದ್ಭುತವೇ, ಮುಂಚೆ ಕತ್ತು ನೋಯುವಷ್ಟು ನೋಡಿದ್ದೇನೆ. ಈಗ ನನ್ನ ಖಯಾಲಿ ಬೇರೆ. ಹಗ್ಗದ ಒಂದು ತುದಿ ಹಿಡಿದು, ಎಲ್ಲಿಗೆ ಹೋಗಬೇಕೆಂಬುದನ್ನು ಇನ್ನೊಂದು ತುದಿಗೆ ಬಿಟ್ಟು, ಪರಊರಿನಲ್ಲಿ ಹಿಂದೆ ಹಿಂದೆ ನಡೆಯುವುದು.

ಆ ಇನ್ನೊಂದು ತುದಿಯ ಹೆಸರು ಕೆಂಚ. ಜಾತಿ ನಾಯಿಯಲ್ಲ. ನಮ್ಮ ಬೀದಿಯ ಮೋರಿಯಂಚಿನಲ್ಲಿ ಹುಟ್ಟಿ, ನಮ್ಮ ಗೇಟಿನೊಳಗೆ ಬಂದು, ತಾನೇ ನಮ್ಮನ್ನು ಸಾಕಿಕೊಂಡವನು. ಮೈಬಣ್ಣ ಥೇಟು ಮುರಕಲ್ಲಿನದು, ಹಾಗಾಗಿ ಕರಾವಳಿಯ ಯಾವ ಕಾಂಪೌಂಡಿನ ಪಕ್ಕ ನಿಂತರೂ ಅರ್ಧ ಕಾಣುವುದೇ ಇಲ್ಲ.

ಮೈಸೂರಿನಿಂದ ಸುಮಾರು 250 ಕಿ.ಮೀ. ದಾರಿ. ಮಡಿಕೇರಿಯಾಚೆ ಸಂಪಾಜೆ ಘಾಟಿಯ ತಿರುವುಗಳಿಗೆ ಅವನಿಗೆ ಹೊಟ್ಟೆ ತೊಳಸುತ್ತದೆ. ಹಿಂದಿನ ರಾತ್ರಿಯೇ ಊಟ ಮುಗಿಸಿ, ಬೆಳಗ್ಗೆ ಬರೀ ಎರಡು ಗುಟುಕು ನೀರು ಕೊಟ್ಟು, ಕಿಟಕಿ ನಾಲ್ಕು ಬೆರಳಷ್ಟು ಇಳಿಸಿ, ಸೀಟಿನ ಮೇಲೆ ಹಳೇ ಜಮಖಾನ ಹಾಸಿದರೆ ಸುಳ್ಯದವರೆಗೆ ಕ್ಷೇಮ. ಕಲ್ಲಡ್ಕದಲ್ಲಿ ಇಳಿದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯುತ್ತೇನೆ; ಲೋಟದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ನು ಮೇಲೆ ಪದರ ಪದರವಾಗಿ ನಿಂತಿರುವುದನ್ನು ನಾನು ನೋಡುತ್ತಿದ್ದರೆ ಅವನು ಲಾರಿಗಳ ಚಕ್ರ ಓದುತ್ತಿರುತ್ತಾನೆ. ಫರಂಗಿಪೇಟೆ ದಾಟುವಾಗ ಎದ್ದು ಕೂರುತ್ತಾನೆ. ನನಗೆ ಇನ್ನೂ ಡೀಸೆಲ್ಲಿನ ಹೊಗೆ ಮಾತ್ರ. ಅವನಿಗೆ ಆಗಲೇ ಕಡಲು ಸಿಕ್ಕಿದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50–60 ಲಕ್ಷವಾದರೆ ನಾಯಿಗಳದ್ದು ಕೋಟಿಗಳ ಲೆಕ್ಕ, ಕೆಲವು ತಳಿಗಳಿಗೆ 30 ಕೋಟಿವರೆಗೂ ಹೇಳುತ್ತಾರೆ. ಅದರ ಮೇಲೆ, ಬಿಟ್ಟ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೊರಹೋಗುವುದರಿಂದ ಎದುರಿನಿಂದ ಬರುವ ವಾಸನೆ ಕಲಸಿಹೋಗುವುದಿಲ್ಲ. ಇಂಥ ಸಲಕರಣೆ ಇಟ್ಟುಕೊಂಡವನಿಗೆ ನಾನು ದಾರಿ ತೋರಿಸುವುದು ಅಧಿಕಪ್ರಸಂಗ.

ತಂಗುವ ಜಾಗದ್ದೇ ಪೇಚು. ಒಂದು ಲಾಡ್ಜಿನ ಮ್ಯಾನೇಜರು ಕೆಂಚನನ್ನೂ ನನ್ನನ್ನೂ ಸರದಿಯಲ್ಲಿ ನೋಡಿ, "ಇಲ್ಲ ಮೇಡಂ, ಆಗುದಿಲ್ಲ" ಅಂದರು. ಧರ್ಮರಾಯನ ಜೊತೆ ನಾಯಿ ಸ್ವರ್ಗದ ಬಾಗಿಲವರೆಗೂ ಹೋಗಿತ್ತಲ್ಲ ಎಂದೆ. "ಸ್ವರ್ಗಕ್ಕಾದರೆ ಬಿಡ್ತಾರೆ ಮಾರಾಯ್ರೆ, ನಮ್ಮ ಓನರು ಬಿಡುದಿಲ್ಲ!" ಎಂದು ನಕ್ಕು, ಉಳ್ಳಾಲದ ಕಡೆಯ ಒಂದು ಹೆಂಚಿನ ಮನೆಯ ವಿಳಾಸ ಬರೆದುಕೊಟ್ಟರು. ಆ ಮನೆಯ ಬಾಯಮ್ಮ ಕೇಳಿದ್ದು ಎರಡೇ: "ಇಂಜೆಕ್ಷನ್ ಎಲ್ಲ ಆಗಿದೆಯಲ್ಲ? ಮತ್ತೆ, ಪಾಪದ್ದಾ?" ಎರಡಕ್ಕೂ ಹೂಂಗುಟ್ಟಿದೆ. ರಾತ್ರಿ ಕುಚ್ಚಲಕ್ಕಿ ಅನ್ನಕ್ಕೆ ಉಪ್ಪು ಖಾರ ಹಾಕದೆ ಬೇಯಿಸಿದ ಬೂತಾಯಿ ಮೀನನ್ನು ಮುಳ್ಳು ತೆಗೆದು ಕಲಸಿ ಅವನ ಮುಂದಿಟ್ಟರು. ನನಗೂ ಅದೇ ಬೂತಾಯಿ, ಪುಳಿಮುಂಚಿ ಮಾಡಿ. ಇಬ್ಬರಲ್ಲಿ ಮೊದಲು ತಟ್ಟೆ ಖಾಲಿ ಮಾಡಿದ್ದು ಯಾರೆಂದು ಹೇಳಬೇಕಾಗಿಲ್ಲ.

ಕಡಲೂರಿನ ಗಾಳಿಗೊಂದು ದಿನಚರಿಯುಂಟು. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತಿದ್ದಂತೆ ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ಆರುವುದರಿಂದ ಲೆಕ್ಕ ತಿರುಗುಮುರುಗಾಗಿ, ನಸುಕಿನಲ್ಲಿ ಗಾಳಿ ಊರಿನಿಂದ ಕಡಲಿಗೆ ಬೀಸುತ್ತದೆ. ಶಾಲೆಯಲ್ಲಿ ಇದನ್ನು ಉರುಹೊಡೆದು ಅಂಕ ತೆಗೆದಿದ್ದೆ. ಕಣ್ಣಾರೆ ಕಂಡದ್ದು ಕೆಂಚನಿಂದ. ಸಂಜೆ ಅವನು ಪಡುವಣಕ್ಕೆ ಮುಖಮಾಡಿ, ಕಣ್ಣು ಅರೆಮುಚ್ಚಿ, ಮೂಗಿನ ತುದಿ ಮಾತ್ರ ಕುಣಿಸುತ್ತ ನಿಂತಿರುತ್ತಾನೆ. ಬೆಳಗ್ಗೆ ಅದೇ ಮರಳಿನ ಮೇಲೆ ಕಡಲಿಗೆ ಬೆನ್ನು! ಅಷ್ಟು ದೊಡ್ಡ ಸಮುದ್ರ ಹಿಂದೆ ಮೊರೆಯುತ್ತಿದ್ದರೂ ಅವನ ಗಮನವೆಲ್ಲ ಊರಿನ ಬಚ್ಚಲೊಲೆಯ ಹೊಗೆ, ತೆಂಗಿನೆಣ್ಣೆ, ಎಲ್ಲೋ ಒಣಹಾಕಿದ ಮೀನು, ರಾತ್ರಿ ಓಡಾಡಿದ ಬೇರೆ ನಾಯಿಗಳ ಸಮಾಚಾರದ ಮೇಲೆ. ಸೂರ್ಯಾಸ್ತಕ್ಕೆ ಫೋನು ಎತ್ತಿ ನಿಂತವರ ನಡುವೆ ಇದನ್ನು ನೋಡುತ್ತ ನಿಲ್ಲುವುದರಲ್ಲಿ ನನಗೆ ಹೇಳಲಾಗದ ಸುಖ.

ಅವನಿಗೆ ಹೆಚ್ಚು ಪ್ರಿಯ ತಣ್ಣೀರುಬಾವಿ. ಪಣಂಬೂರಿನಲ್ಲಿ ಜನ, ಒಂಟೆ, ಚುರುಮುರಿ ಗಾಡಿ. ಸೋಮೇಶ್ವರದಲ್ಲಿ ಬಂಡೆಗಳ ನಡುವೆ ಅಲೆಯ ಸೆಳೆತ ಜೋರು, ನಾಯಿಯನ್ನು ನೀರಿನ ಹತ್ತಿರಕ್ಕೂ ಬಿಡಬಾರದು. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ಫಲ್ಗುಣಿ ನದಿ ದಾಟಬೇಕು. ಶತ್ರು ಹಡಗುಗಳು ಹೊಳೆಗೆ ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬತ್ತೇರಿ ಅದು. ಅದರ ಬುಡವನ್ನು ಕೆಂಚ ಸುತ್ತುಹೊಡೆದು ಪರೀಕ್ಷಿಸಿ, ತನ್ನದೂ ಒಂದು ಗುರುತು ಹಾಕುವಷ್ಟರಲ್ಲಿ ನಾನು ಹಗ್ಗ ಎಳೆದೆ. ಇತಿಹಾಸಕ್ಕೆ ಅಷ್ಟಾದರೂ ಗೌರವ ಬೇಡವೇ. ದೋಣಿಯವನು, "ಅಕ್ಕಾ, ಅದು ನೀರಿಗೆ ಹಾರ್ತದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನನ್ನು ನಡುವಿನ ಹಲಗೆಯ ಹತ್ತಿರ ಕೂರಿಸಿದ.

ನಾಯಿಗಳ ಕಣ್ಣಿಗೆ ಚೆನ್ನಾಗಿ ದಕ್ಕುವುದು ನೀಲಿ ಮತ್ತು ಹಳದಿ. ಕೆಂಪು ಹಸಿರುಗಳ ಭೇದ ಅವಕ್ಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಹಾಕಿದಂದಿನಿಂದ ಮಂಗಳೂರಿಗೆ ಹೆಸರು ತಂದ ಹೆಂಚಿನ ಕೆಂಪು ಅವನ ಪಾಲಿಗೆ ಮಾಸಲು ಬಣ್ಣ ಅಷ್ಟೇ. ಆದರೆ ತಣ್ಣೀರುಬಾವಿಯ ಗಾಳಿಮರಗಳ ತೋಪು ದಾಟಿದೊಡನೆ ಎದುರಿಗೆ ಬರೀ ಮರಳು, ಬರೀ ನೀರು. ಲೋಕ ಅವನ ಕಣ್ಣಿಗಾಗಿಯೇ ಬಣ್ಣ ಹಚ್ಚಿಕೊಂಡ ಜಾಗವೊಂದು ಇದ್ದರೆ ಅದು ಇದೇ. ಅಲ್ಲಿಂದ ಮುಂದೆ ಏಡಿಗಳ ಕಾರುಬಾರು. ಮರಳಿನದೇ ಬಣ್ಣದ ಏಡಿ ಕಣ್ಣುಗಳನ್ನು ಕಡ್ಡಿಯ ಮೇಲೆ ಎತ್ತಿ ನೋಡುತ್ತದೆ, ಕೆಂಚ ಹಾರುತ್ತಾನೆ, ಏಡಿ ಬಿಲದೊಳಗೆ. ಇವನು ತೋಡುತ್ತಾನೆ, ಮೂತಿ ತುಂಬ ಮರಳು, ಸೀನು. ಏಡಿ ಹಿಡಿದದ್ದು ಈವರೆಗೆ ಇಲ್ಲ. ಅದರ ಬೇಸರವೂ ಇಲ್ಲ.

ಹಗ್ಗ ಮಾತ್ರ ಬಿಡುವುದಿಲ್ಲ. ಈಚಿನ ವರ್ಷಗಳಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಟ್ಟ ಜಾಗಕ್ಕೆ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದದ್ದುಂಟು. ತೋಡುವ ಚಟದವನಿಗೆ ಅಲ್ಲಿ ಸ್ವಾತಂತ್ರ್ಯ ಕೊಡಬಾರದು. ಇನ್ನೊಂದು ಉಪ್ಪುನೀರು. ಸೆಕೆಗೆ ನಾಲಗೆ ಚಾಚಿಕೊಂಡವನು ಅಲೆಯನ್ನೇ ನೆಕ್ಕಲು ಹೊರಡುತ್ತಾನೆ, ಕುಡಿದರೆ ವಾಂತಿ ಭೇದಿ ಖಚಿತ, ಹೆಚ್ಚಾದರೆ ಜೀವಕ್ಕೇ ಸಂಚಕಾರ. ಹಾಗಾಗಿ ಹೆಗಲ ಚೀಲದಲ್ಲಿ ಸಿಹಿನೀರಿನ ಬಾಟಲಿ, ಸ್ಟೀಲಿನ ಬಟ್ಟಲು, ಅವನ ಹೇಲು ಎತ್ತಲು ಕಾಗದ. ಕೊನೆಯದನ್ನು ಎತ್ತುವಾಗ ಜನ ನಿಂತು ನೋಡುತ್ತಾರೆ. ನೋಡಲಿ. ಮಧ್ಯಾಹ್ನ ಮರಳಿಗೆ ಅಂಗೈ ಹಿಂಬದಿ ಒತ್ತಿ ನೋಡಿ, ನನಗೆ ತಡೆಯಲಾಗದಿದ್ದರೆ ಅವನಿಗೂ ನಡಿಗೆ ಇಲ್ಲ.

ಧಕ್ಕೆಗೆ ಹೋಗಬೇಕಾದ್ದು ಬೆಳಕು ಹರಿಯುವ ಹೊತ್ತಿಗೆ. ಬೋಟುಗಳು ಸಾಲಾಗಿ ಒತ್ತಿಕೊಂಡು ನಿಂತಿರುತ್ತವೆ, ಬುಟ್ಟಿ ಬುಟ್ಟಿ ಬಂಗುಡೆ ಮೇಲೇರುತ್ತದೆ, ಹರಾಜಿನ ಕೂಗು, ಐಸಿನ ಪುಡಿ, ಮೇಲೆ ಗರುಡಗಳ ಸುತ್ತಾಟ. ಕೆಲಸದವರ ಕಾಲಿಗೆ ಅಡ್ಡ ಬರುವಂತಿಲ್ಲ. ನಾವು ಹೊರಗಿನ ರಸ್ತೆಯಲ್ಲೇ. ಅಲ್ಲಿಯೂ ಹಗ್ಗ ಗಿಡ್ಡ, ಬಲೆಯಿಂದ ಬಿಸಾಡಿದ್ದರಲ್ಲಿ ಹೊಟ್ಟೆಯುಬ್ಬಿಸುವ ವಿಷದ ಮೀನೂ ಇರುತ್ತದೆ. ಧಕ್ಕೆಯ ನಾಯಿಗಳು ಗುಂಡುಗುಂಡಗೆ ಮಲಗಿರುತ್ತವೆ, ಪರಊರಿನವನನ್ನು ಕಂಡು ಒಂದು ಕಣ್ಣು ಮಾತ್ರ ತೆರೆಯುತ್ತವೆ. ಹೊಟ್ಟೆ ತುಂಬಿದವರಿಗೆ ಗಡಿಜಗಳ ಯಾಕೆ? ಮೈಸೂರಿನಲ್ಲಿ ಪಕ್ಕದ ಬೀದಿಗೆ ಕಾಲಿಡಲು ಹೆದರುವ ಕೆಂಚ ಅಲ್ಲಿ ಬಾಲವೆತ್ತಿ ನಡೆಯುತ್ತಾನೆ. ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ನಿಂತು, "ಎಂತ ಮಾರಾಯ್ತಿ, ನಿಮ್ಮ ನಾಯಿ ಇಷ್ಟು ಸಪೂರ? ತಿನ್ಲಿಕ್ಕೆ ಕೊಡುದಿಲ್ವಾ?" ಎಂದು ನನ್ನನ್ನೇ ವಿಚಾರಿಸಿಕೊಂಡಳು.

ಮುಂದಿನ ಸಲ ಆಗಸ್ಟಿನಲ್ಲಿ ಹೋಗುವ ಆಸೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಎರಡು ತಿಂಗಳು ಸುಮ್ಮನಿದ್ದ ಧಕ್ಕೆಗೆ ಮೊದಲ ಮೀನು ಬರುವ ದಿನಗಳು ಅವು. ಕೆಂಚನಿಗೆ ಅದನ್ನೊಮ್ಮೆ ಮೂಸಿಸಬೇಕು. ನಮ್ಮವರು ಒಪ್ಪುತ್ತಿಲ್ಲ. ಆಗಸ್ಟಿನ ಮಳೆ, ಒದ್ದೆ ನಾಯಿ, ಮುಚ್ಚಿದ ಕಿಟಕಿ, ಸಂಪಾಜೆ ಘಾಟಿ — ಈ ನಾಲ್ಕನ್ನೂ ಒಂದೇ ಕಾರಿನಲ್ಲಿ ಊಹಿಸಿಕೋ ಅನ್ನುತ್ತಾರೆ. ಊಹಿಸಿಕೊಂಡಿದ್ದೇನೆ. ಇನ್ನೊಂದು ಜಮಖಾನ ಹುಡುಕುತ್ತಿದ್ದೇನೆ.