ಹಿತ್ತಿಲಿನ ವೇಷಧಾರಿಗಳು

ದುರ್ಗಕ್ಕೆ ಬಂದವರ ಕ್ಯಾಮೆರಾ ಸಾಮಾನ್ಯವಾಗಿ ಮೇಲ್ಮುಖವಾಗಿಯೇ ಇರುತ್ತದೆ. ಏಳು ಸುತ್ತಿನ ಕೋಟೆ, ಬತೇರಿ, ಬಂಡೆಯ ಮೇಲೊಂದು ಬಂಡೆ; ಕಣ್ಣಿಗೆ ಹಬ್ಬವೇ ಸರಿ. ಆದರೆ ಅದೇ ಕ್ಯಾಮೆರಾವನ್ನು ದಾರಿಬದಿಯ ಎಕ್ಕದ ಗಿಡದತ್ತ ಬಾಗಿಸಿದರೆ ಬೇರೊಂದು ಲೋಕ ತೆರೆದುಕೊಳ್ಳುತ್ತದೆ. ಕಿತ್ತಳೆ ಬಣ್ಣದ ರೆಕ್ಕೆ, ಅಂಚಿಗೆ ಕಪ್ಪು ಜರಿ, ತುದಿಯಲ್ಲಿ ಬಿಳಿಯ ಮಚ್ಚೆ: ಇದು ‘ಪ್ಲೇನ್ ಟೈಗರ್’ ಎಂಬ ಚಿಟ್ಟೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಎಕ್ಕದ ಜಾತಿಯ ಹಾಲುಗಿಡಗಳನ್ನುಂಡು ಬೆಳೆದ ಈ ಚಿಟ್ಟೆ ಹಕ್ಕಿಗಳಿಗೆ ರುಚಿಸದು. ಅದರಿಂದಲೇ ಅದರ ಹಾರಾಟದಲ್ಲಿ ಆ ನಿಶ್ಚಿಂತ ಗಾಂಭೀರ್ಯ.

ಆದರೆ ಕಂಡದ್ದೆಲ್ಲ ಪ್ಲೇನ್ ಟೈಗರ್ ಅಲ್ಲ. ‘ಡೆನೈಡ್ ಎಗ್‌ಫ್ಲೈ’ ಚಿಟ್ಟೆಯ ಗಂಡು ಕಡುಗಪ್ಪು, ಮೇಲೆ ದೊಡ್ಡ ಬಿಳಿಯ ಬೊಟ್ಟುಗಳು. ಹೆಣ್ಣಾದರೋ ಪ್ಲೇನ್ ಟೈಗರಿನ ಉಡುಪನ್ನೇ ಕಡ ತಂದಂತೆ ಮೆರೆಯುತ್ತದೆ. ವಿಷವಿಲ್ಲದ ಜೀವಿ ವಿಷವುಳ್ಳದ್ದರ ವೇಷ ತೊಟ್ಟು ಬದುಕುವ ಈ ಉಪಾಯವನ್ನು, ಅಮೆಜಾನಿನ ಚಿಟ್ಟೆಗಳನ್ನು ಕಂಡ ಆಂಗ್ಲ ವಿಜ್ಞಾನಿ ಬೇಟ್ಸ್ 1862ರಲ್ಲಿ ಲೋಕಕ್ಕೆ ವಿವರಿಸಿದನು. ವೇಷವನ್ನು ಬಯಲು ಮಾಡುವುದು ಒಂದು ಚುಕ್ಕೆ. ಪ್ಲೇನ್ ಟೈಗರಿನ ಹಿಂರೆಕ್ಕೆಯ ನಡುವೆ ಮೂರೋ ನಾಲ್ಕೋ ಕರಿಯ ಚುಕ್ಕೆಗಳಿದ್ದರೆ, ಎಗ್‌ಫ್ಲೈಗೆ ಮೇಲಂಚಿನ ಬಳಿ ಒಂದೇ ಒಂದು.

ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ತೋಟ-ಹಿತ್ತಿಲುಗಳಲ್ಲಿಯೂ ಇಂಥದೇ ನಾಟಕ. ಕರಿಬೇವಿನ ಎಲೆ ತಿಂದು ಬೆಳೆಯುವ ‘ಕಾಮನ್ ಮಾರ್ಮನ್’ ಹೆಣ್ಣಿಗೆ ಮೂರು ರೂಪಗಳು. ಒಂದು ಗಂಡಿನಂತೆಯೇ, ಉಳಿದೆರಡು, ವಿಷದ ಈಶ್ವರಿ ಬಳ್ಳಿಯನ್ನುಂಡ ‘ಕಾಮನ್ ರೋಸ್’ ಮತ್ತು ‘ಕ್ರಿಮ್ಸನ್ ರೋಸ್’ ಚಿಟ್ಟೆಗಳಂತೆ. ರೆಕ್ಕೆಯನ್ನು ನಂಬಿದವರು ಮೋಸಹೋಗುವುದು ಖಂಡಿತ. ಒಡಲನ್ನು ನೋಡಬೇಕು: ರೋಸ್‌ಗಳ ಮೈಯಲ್ಲಿ ಕೆಂಪು ಉಂಟು, ಮಾರ್ಮನ್ನಿನ ಮೈ ಕಪ್ಪು.

ಹಿಂದೆ ಇದನ್ನೆಲ್ಲ ನಿರ್ಧರಿಸಲು ಬಲೆಯೂ ಗುಂಡುಸೂಜಿಯೂ ಬೇಕಿದ್ದವು. ಈಗ ಕ್ಯಾಮೆರಾ ಸಾಕು. ತಾಳ್ಮೆ ಮಾತ್ರ ಬೇಕು. ಬೆಳಗಿನ ಎಳೆಬಿಸಿಲಿಗೆ ಚಿಟ್ಟೆ ರೆಕ್ಕೆ ಹರಡಿ ಕೂರುವಾಗ, ಅದರ ಮೇಲೆ ನೆರಳು ಬೀಳದಂತೆ ಮೆಲ್ಲನೆ ಸಾಗಬೇಕು. ರೆಕ್ಕೆಯ ಮೇಲ್ಭಾಗ, ಕೆಳಭಾಗ, ಒಡಲು, ಕುಳಿತ ಗಿಡ ಇವಿಷ್ಟರ ಚಿತ್ರಗಳು ದೊರೆತು, ಸ್ಥಳ ಮತ್ತು ದಿನಾಂಕವನ್ನು ಬರೆದಿಟ್ಟರೆ, ವಿಂಟರ್-ಬ್ಲೈತರ 1957ರ ಗ್ರಂಥವನ್ನೋ ಕೃಷ್ಣಮೇಘ ಕುಂಟೆಯವರ 2000ದ ಕೈಪಿಡಿಯನ್ನೋ ತೆರೆದು ಹೆಸರು ಹುಡುಕಬಹುದು. ಹಿರಿಯೂರಿನ ಬಳಿ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಂಥ ಜಲಾಶಯಗಳ ಒದ್ದೆ ಮಣ್ಣನ್ನೂ ಮರೆಯಬಾರದು; ಉಪ್ಪಿನಂಶ ಹೀರಲು ಗಂಡು ಚಿಟ್ಟೆಗಳು ಅಂಥಲ್ಲಿ ನೆರೆಯುವುದುಂಟು.

ಜೋಗಿಮಟ್ಟಿಯ ಕಾಡಿಗೆ 2015ರಲ್ಲಿ ವನ್ಯಧಾಮದ ರಕ್ಷಣೆ ದೊರೆಯಿತು. ಮನೆಯಂಗಳದ ಎಕ್ಕಕ್ಕೆ ಅಂಥ ರಕ್ಷಣೆಯಿಲ್ಲ. ಎಗ್‌ಫ್ಲೈ ಮರಿಯ ಆಹಾರವಾದ ಗೋಣಿಸೊಪ್ಪೂ ಕಳೆಯೆಂದೇ ಕಿತ್ತುಹೋಗುತ್ತದೆ. ಗಿಡ ಹೋದರೆ ಚಿಟ್ಟೆಯೂ ಹೋಯಿತು. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವ ಪುಟ್ಟ ಹುಳುವನ್ನು ಮನೆಯವರು ಕೆಲವು ದಿನ ಮನ್ನಿಸಿದರೆ ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದೀತು, ಅಷ್ಟೆ.