ಕೊಚ್ಚಿಯಲ್ಲಿ ಉಳಿದ ಒಂದು ಹಗಲು

ಯಾತ್ರೆಯ ದಿನಗಳಲ್ಲಿ ಶ್ರಾವಕನು ಸಹಜವಾಗಿಯೇ ಎಚ್ಚರದಿಂದಿರುತ್ತಾನೆ. ಸ್ನಾನ, ದರ್ಶನ, ಆಹಾರ, ಜಪ ಎಲ್ಲಕ್ಕೂ ಹೊತ್ತು ಗೊತ್ತಾಗಿರುತ್ತದೆ. ಕಷ್ಟವಿರುವುದು ಯಾತ್ರೆ ಮುಗಿದು, ಊರಿನ ರೈಲು ಹೊರಡುವುದಕ್ಕೆ ಇನ್ನೂ ಒಂದು ಹಗಲು ಉಳಿದಾಗ. ಮಾಡಲೇಬೇಕಾದ ಕಾರ್ಯವೊಂದೂ ಇಲ್ಲದ ಆ ಹಗಲಿನಲ್ಲಿ ಮನಸ್ಸು ಕಟ್ಟು ಬಿಚ್ಚಿದ ಕರುವಿನಂತೆ ಆಗಿಬಿಡುತ್ತದೆ.

ದಕ್ಷಿಣ ಕನ್ನಡದ ನಿವೃತ್ತ ಅಧ್ಯಾಪಕರೊಬ್ಬರು ಪತ್ನಿಯನ್ನೂ ಐದನೆಯ ತರಗತಿಯ ಮೊಮ್ಮಗಳನ್ನೂ ಕರೆದುಕೊಂಡು ಕೇರಳದ ಜಿನಸ್ಥಾನಗಳ ದರ್ಶನಕ್ಕೆ ಹೊರಟಿದ್ದರು. ವಯನಾಡಿನ ಸುಲ್ತಾನ್ ಬತ್ತೇರಿಯ ಶಿಲಾ ಬಸದಿ, ಕಲ್ಪೆಟ್ಟದ ಸಮೀಪದ ಅನಂತನಾಥ ಸ್ವಾಮಿಯ ಬಸದಿ, ಪಾಲಕ್ಕಾಡಿನ ಜೈನಮೇಡು ಇವನ್ನು ಕಂಡು, ಕಡೆಯದಾಗಿ ಪೆರುಂಬಾವೂರಿನ ಬಳಿ ಕಲ್ಲಿಲ್‌ಗೆ ಹೋಗಿ ಬಂದಿದ್ದರು. ಕಲ್ಲಿಲ್ ಇಂದು ಭಗವತಿಯ ಕ್ಷೇತ್ರ. ಬಂಡೆಯ ಆಶ್ರಯದಲ್ಲಿರುವ ಆ ಗುಡಿಯಲ್ಲಿ ಪಾರ್ಶ್ವನಾಥರ, ಮಹಾವೀರರ, ಪದ್ಮಾವತಿಯ ಬಿಂಬಗಳು ಈಗಲೂ ಇವೆ. ಅಲ್ಲಿಂದ ಎರ್ನಾಕುಲಂಗೆ ಬಂದು ತಂಗಿದರು. ಮರುದಿನ ತಡರಾತ್ರಿ ಮಂಗಳೂರಿನ ರೈಲು. ನಡುವಿನ ಹಗಲೆಲ್ಲ ಬಿಡುವು.

ಬೆಳಗಿನ ಸಾಮಾಯಿಕ ಮುಗಿಸಿದ ಅಧ್ಯಾಪಕರು ಆ ದಿನದ ಮಟ್ಟಿಗೆ ದೇಶವ್ರತವನ್ನು ಸ್ವೀಕರಿಸಿದರು. ಪೂರ್ವಕ್ಕೆ ಎರ್ನಾಕುಲಂ ರೈಲು ನಿಲ್ದಾಣ, ಪಶ್ಚಿಮಕ್ಕೆ ಸಮುದ್ರದ ದಡ, ದಕ್ಷಿಣಕ್ಕೆ ಮಟ್ಟಾಂಚೇರಿಯ ಜಿನಾಲಯ, ಉತ್ತರಕ್ಕೆ ದೋಣಿ ಸಾಗುವ ನೀರಿನ ದಾರಿ. ರೈಲು ಏರುವ ತನಕ ಇದರಾಚೆಗೆ ಹೋಗತಕ್ಕದ್ದಲ್ಲ. ದಿಗ್ವ್ರತದಲ್ಲಿ ಜೀವನಪರ್ಯಂತಕ್ಕೆ ಹಾಕಿಕೊಂಡ ಎಲ್ಲೆಯನ್ನು ಒಂದು ದಿನಕ್ಕೆ, ಒಂದು ಮುಹೂರ್ತಕ್ಕೆ ಇನ್ನೂ ಕಿರಿದುಗೊಳಿಸುವುದೇ ಈ ವ್ರತ. ತತ್ತ್ವಾರ್ಥಸೂತ್ರವು ಇದನ್ನು ದಿಗ್ವ್ರತದ ಬಳಿಕವೇ ಹೇಳಿದರೆ, ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳ ಮೊದಲಿಗೆ ಇರಿಸಿದ್ದಾರೆ. “ತಿರುಗಾಟದ ದಿನವೂ ವ್ರತವೇ?” ಎಂದು ಕೇಳಿದ ಪತ್ನಿ, ಎಲ್ಲೆಗಳನ್ನು ಕೇಳಿ ತಿಳಿದ ಮೇಲೆ, “ಆಗಲಿ, ನನ್ನ ಮೊಣಕಾಲಿಗೂ ಪುಣ್ಯ ಬಂತು” ಎಂದರು.

ವ್ರತದ ಪ್ರಯೋಜನವು ವಸತಿಗೃಹದ ಬಾಗಿಲಲ್ಲಿಯೇ ಕಂಡಿತು. ಕಾರಿನ ಚಾಲಕನೊಬ್ಬನು ಆಲಪ್ಪುಳದ ದೋಣಿಮನೆಯನ್ನೂ ಚೆರಾಯಿಯ ಕಡಲತೀರವನ್ನೂ ಒಂದೇ ದಿನದಲ್ಲಿ ತೋರಿಸಿ ಕರೆತರುವೆನೆಂದನು. ಇಷ್ಟು ದೂರ ಬಂದು ನೋಡದೆ ಹೋಗುವುದೇ ಎಂಬ ಆ ಮಾತು ಪ್ರವಾಸಿಗಳ ಮನಸ್ಸನ್ನು ಎಷ್ಟು ಬೇಗ ಕಲಕುತ್ತದೆಂಬುದನ್ನು ಓದುಗರೂ ಬಲ್ಲರು. ಇಲ್ಲಿ ಅದಕ್ಕೆ ಉತ್ತರ ಮೊದಲೇ ಸಿದ್ಧವಾಗಿತ್ತು. ಮಂಗಳೂರಿನಿಂದ ಮಗನ ದೂರವಾಣಿ ಕರೆ ಬಂದಾಗ ಮಾತ್ರ ಅಧ್ಯಾಪಕರು ಕ್ಷಣಕಾಲ ಯೋಚಿಸಿದರು. ಎಲ್ಲೆಯ ಆಚೆಗಿನವರನ್ನು ಕೂಗಿ ಕೆಲಸ ಮಾಡಿಸುವುದು ಶಬ್ದಾನುಪಾತವೆಂಬ ಅತಿಚಾರ. ಜೇಬಿನಲ್ಲಿ ದೂರವಾಣಿ ಇರುವ ಈ ಕಾಲದಲ್ಲಿ ಐದು ಅತಿಚಾರಗಳಲ್ಲಿ ಅದುವೇ ಅತಿ ಸುಲಭವಾದದ್ದು. ಕುಶಲವನ್ನಷ್ಟೇ ಹೇಳಿ, ಮನೆಯ ಕೆಲಸದ ವಿಚಾರವನ್ನು ಮರುದಿನಕ್ಕೆ ಬಿಟ್ಟರು.

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ 2024ರಿಂದ ವಾಟರ್ ಮೆಟ್ರೊದ ಹೊಸ ದೋಣಿಗಳೂ ಓಡುತ್ತಿವೆ. ಇವರು ಹಳೆಯ ಸರಕಾರಿ ದೋಣಿಯನ್ನೇ ಏರಿದರು. ಹಿನ್ನೀರಿನ ನಡುವೆ ವಿಲಿಂಗ್ಡನ್ ದ್ವೀಪ ಕಂಡಾಗ ಅಧ್ಯಾಪಕರಲ್ಲಿದ್ದ ಮೇಷ್ಟ್ರು ಎಚ್ಚೆತ್ತರು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹವು ಕೊಡುಂಗಲ್ಲೂರಿನ ಪ್ರಾಚೀನ ಬಂದರನ್ನು ಹೂಳಿನಿಂದ ಮುಚ್ಚಿ, ಕೊಚ್ಚಿಯ ಅಳಿವೆಯನ್ನು ತೆರೆಯಿತೆಂದು ಇತಿಹಾಸಜ್ಞರ ಹೇಳಿಕೆ. ಆದರೂ ಅಳಿವೆಯ ಬಾಯಿಗೆ ಅಡ್ಡಲಾಗಿದ್ದ ಮರಳ ದಿಬ್ಬದಿಂದ ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗೇ ನಿಲ್ಲುತ್ತಿದ್ದವು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಆ ದಿಬ್ಬವನ್ನು ಕಡಿಸಿದನು. 1928ರಲ್ಲಿ ಹಡಗು ಒಳ ಬಂದಿತು. ಹೂಳೆತ್ತಿದ ಮಣ್ಣಿನಿಂದಲೇ ಈ ದ್ವೀಪವನ್ನು ನಿರ್ಮಿಸಲಾಯಿತು. “ಹಾಗಾದರೆ ಇದು ದೇವರು ಮಾಡಿದ ನೆಲ ಅಲ್ಲ” ಎಂದಳು ಮೊಮ್ಮಗಳು. “ಯಾವ ನೆಲವನ್ನೂ ಯಾರೂ ಸೃಷ್ಟಿಸಲಿಲ್ಲ ಮಗಳೇ, ಇದನ್ನು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರು” ಎಂದರು ಅಜ್ಜ.

ಫೋರ್ಟ್ ಕೊಚ್ಚಿಯ ದಡದಲ್ಲಿ ಚೀನೀ ಬಲೆಗಳ ಸಾಲು ಇದೆ. ಕೊಚ್ಚಿಯ ಚಿತ್ರವೆಂದು ಲೋಕವೆಲ್ಲ ಬಲ್ಲದ್ದು ಇವನ್ನೇ. ಉದ್ದನೆಯ ಮರದ ತೊಲೆಗಳ ತುದಿಗೆ ಅಗಲವಾದ ಬಲೆ, ಇನ್ನೊಂದು ತುದಿಗೆ ಹಗ್ಗಗಳಲ್ಲಿ ತೂಗುವ ದಪ್ಪ ಕಲ್ಲುಗಳು. ನಾಲ್ಕೈದು ಜನ ಹಗ್ಗ ಜಗ್ಗಿದರೆ ಕಲ್ಲಿನ ಭಾರದ ನೆರವಿನಿಂದ ಅಷ್ಟು ದೊಡ್ಡ ಬಲೆ ನೀರಿನಿಂದ ಮೇಲೇಳುತ್ತದೆ. ಬಿಟ್ಟರೆ ಮೆಲ್ಲನೆ ಇಳಿಯುತ್ತದೆ. ಚೀನೀ ನಾವಿಕರು ತಂದದ್ದೆಂದು ಕೆಲವರು, ಮಕಾವಿನಿಂದ ಪೋರ್ಚುಗೀಸರು ತಂದದ್ದೆಂದು ಕೆಲವರು. ತಕ್ಕಡಿಯ ತತ್ತ್ವವನ್ನು ಮಗುವಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಸಿಗದು. ಅಧ್ಯಾಪಕರು ವಿವರಿಸತೊಡಗಿದ್ದರು.

ಅಷ್ಟರಲ್ಲಿ ಬಲೆಯ ಮೀನುಗಾರನೊಬ್ಬನು ನಗುತ್ತ ಕೈಬೀಸಿ ಹುಡುಗಿಯನ್ನು ಕರೆದನು. ಪ್ರವಾಸಿಗಳನ್ನು ಹಲಗೆಯ ಮೇಲೆ ಹತ್ತಿಸಿ, ತಮ್ಮೊಡನೆ ಹಗ್ಗ ಎಳೆಯಗೊಟ್ಟು, ಅವರು ಕೊಟ್ಟ ಹಣವನ್ನು ಪಡೆಯುವುದು ಅಲ್ಲಿನ ರೂಢಿ. ಹುಡುಗಿಯ ವಯಸ್ಸಿನದೇ ಬೇರೆ ಇಬ್ಬರು ಮಕ್ಕಳು ಆಗಲೇ ಹಗ್ಗ ಹಿಡಿದು ಕೇಕೆ ಹಾಕುತ್ತಿದ್ದರು. ಬಲೆ ಎದ್ದಿತು. ಪಾಚಿ, ಒಂದು ಪ್ಲಾಸ್ಟಿಕ್ ಚೀಲ, ಮತ್ತು ಬೆರಳುದ್ದದ ಏಳೆಂಟು ಮೀನುಗಳು ಬಿಸಿಲಿಗೆ ಚಿಮ್ಮುತ್ತಿದ್ದವು.

“ಅಜ್ಜ, ನಾನೂ ಒಂದು ಸಲ ಎಳೆಯುತ್ತೇನೆ. ಮೀನು ಬೇಡ, ಎಳೆಯುವುದು ಮಾತ್ರ.”

ಬೇಡವೆಂಬ ಒಂದು ಮಾತಿಗೆ ಹುಡುಗಿ ಸುಮ್ಮನಾಗುತ್ತಿದ್ದಳು. ಆದರೆ ಕರೆದವನು ಎದುರಿಗೇ ನಿಂತಿದ್ದನು. ಅವನ ವೃತ್ತಿಯನ್ನು ಕಂಡು ಮುಖ ಸಿಂಡರಿಸಿ ಹೊರಟರೆ ಅದೂ ಹಿಂಸೆಯೇ. ಮನುಷ್ಯನ ಮನಸ್ಸು ಪಂಚೇಂದ್ರಿಯ ಜೀವಿಯದಲ್ಲವೇ? ಅಧ್ಯಾಪಕರು ಅವನಿಗೆ ಕೈಮುಗಿದರು. ತಮಗೆ ತಿಳಿದ ಅಲ್ಪ ಮಲೆಯಾಳದಲ್ಲಿ ತಾವು ಜೈನರೆಂದು ಹೇಳಿದರು. ಮಟ್ಟಾಂಚೇರಿಯ ಗುಜರಾತಿಗಳನ್ನು ಕಂಡು ಬಲ್ಲ ಅವನಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಅವನು ತಲೆಯಾಡಿಸಿ, ಹಗ್ಗವನ್ನು ಬಿಟ್ಟು, ತೂಗುತ್ತಿದ್ದ ಕಲ್ಲೊಂದನ್ನು ಮುಟ್ಟಿ ನೋಡುವಂತೆ ಹುಡುಗಿಗೆ ತೋರಿಸಿದನು. ಅಜ್ಜಿ ಪಕ್ಕದ ಅಂಗಡಿಯಿಂದ ಅವರೆಲ್ಲರಿಗೂ ಚಹಾ ತರಿಸಿಕೊಟ್ಟರು.

ಸ್ವಲ್ಪ ದೂರ ನಡೆದ ಬಳಿಕ ಮರದ ನೆರಳಲ್ಲಿ ಕುಳಿತು ಹುಡುಗಿ ಕೇಳಿದಳು: “ಅವರು ದಿನವೂ ಎಳೆಯುತ್ತಾರೆ. ನಾನು ಒಂದೇ ಸಲ. ಯಾರದು ದೊಡ್ಡ ಪಾಪ?”

ಇಂಥ ಪ್ರಶ್ನೆಗೆ ಬಹಳ ಮನೆಗಳಲ್ಲಿ ಸಿದ್ಧವಾದ ಉತ್ತರವಿದೆ, ಅವರದೇ ಎಂದು. ಅಧ್ಯಾಪಕರು ಹಾಗೆ ಹೇಳಲಿಲ್ಲ. ಮೀನುಗಾರನು ಹಗ್ಗ ಎಳೆಯುವುದು ಒಲೆ ಉರಿಯಲೆಂದು. ಆ ಹಿಂಸೆ ಹಿಂಸೆಯೇ, ಅದನ್ನು ಅಲ್ಲವೆನ್ನಲು ಯಾವ ಶಾಸ್ತ್ರವೂ ಒಪ್ಪದು. ಆದರೆ ಅದರ ಹಿಂದೆ ಒಂದು ಪ್ರಯೋಜನವಿದೆ. ನೋಡಲು ಬಂದವನು ಎಳೆಯುವುದು ಕೇವಲ ವಿನೋದಕ್ಕೆ. ಪ್ರಯೋಜನವಿಲ್ಲದೆ ಜೀವಗಳಿಗೆ ದಂಡ ವಿಧಿಸುವುದನ್ನೇ ಪೂರ್ವಾಚಾರ್ಯರು ಅನರ್ಥದಂಡವೆಂದು ಕರೆದು, ಅದನ್ನು ಬಿಡುವುದನ್ನು ಬೇರೆಯೇ ಒಂದು ವ್ರತವನ್ನಾಗಿ ಮಾಡಿದರು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ತರಿಯುವುದು ಇವೂ ಅದರಲ್ಲಿ ಸೇರಿವೆ. ಬಡವನ ಬಲೆಯನ್ನು ಬೆರಳಿಟ್ಟು ತೋರಿಸುವುದು ಸುಲಭ. ಪ್ರವಾಸಿಯ ಬಿಡುವಿನಲ್ಲಿ ಎಷ್ಟು ಅನರ್ಥದಂಡ ಅಡಗಿದೆಯೆಂದು ಲೆಕ್ಕ ಹಾಕುವವರು ಕಡಿಮೆ. ಇದನ್ನೆಲ್ಲ ಅಜ್ಜ ಮಗುವಿಗೆ ತಿಳಿಯುವಂತೆ ಹೇಳಿದರು. ಅವಳು ಕೇಳಿಸಿಕೊಂಡಳು, ಬಲೆಯತ್ತ ಮತ್ತೆ ಮತ್ತೆ ತಿರುಗಿಯೂ ನೋಡಿದಳು. ನೋಡಿದರೆ ಅನುಮೋದನೆಯಾಗುವುದೇ ಎಂಬ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಅಜ್ಜ ಅದನ್ನು ತಮಗೆ ತಾವೇ ಕೇಳಿಕೊಂಡರು.

ಸಂತ ಫ್ರಾನ್ಸಿಸ್ ಇಗರ್ಜಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1524ರಲ್ಲಿ ಕೊಚ್ಚಿಯಲ್ಲಿ ಮಡಿದ ವಾಸ್ಕೋ ಡ ಗಾಮನನ್ನು ಹೂಳಿದ್ದ ಸ್ಥಳವದು. ಅಸ್ಥಿಗಳನ್ನು ಬಳಿಕ ಪೋರ್ಚುಗಲ್ಲಿಗೆ ಸಾಗಿಸಿದರು.

ಮಟ್ಟಾಂಚೇರಿಯ ಗುಜರಾತಿ ರಸ್ತೆಯ ಬದಿಯ ಧರ್ಮನಾಥ ತೀರ್ಥಂಕರರ ಜಿನಾಲಯ 1904ರಲ್ಲಿ ಕಟ್ಟಿದ್ದು. ವ್ಯಾಪಾರಕ್ಕೆಂದು ಬಂದು ನೆಲೆಸಿದ ಶ್ವೇತಾಂಬರ ಮನೆತನಗಳ ಆರಾಧನಾ ಸ್ಥಾನ. ಅಲಂಕಾರವಿಲ್ಲದ ಬಿಂಬಗಳ ಮುಂದೆ ಬೆಳೆದ ಅಜ್ಜಿ, ಕಣ್ಣಿಟ್ಟು ಅಂಗರಚನೆ ಮಾಡಿದ ಬಿಂಬವನ್ನು ಕಂಡು ಅರೆಕ್ಷಣ ತಡೆದರು. ಬಳಿಕ ಹದಿನೈದನೆಯ ತೀರ್ಥಂಕರರು ಇಬ್ಬರಿಗೂ ಹದಿನೈದನೆಯವರೇ ಎಂದು ಮೆಲ್ಲಗೆ ಹೇಳಿ ನಮಸ್ಕರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಪದ್ಧತಿ. ರೆಕ್ಕೆಗಳ ಸದ್ದಿನ ನಡುವೆ ಅಂಗೈ ಚಾಚಿ ನಿಂತ ಹುಡುಗಿಗೆ ಬೆಳಗಿನ ಹಗ್ಗ ಮರೆತಂತಿತ್ತು.

ಸಮೀಪದಲ್ಲೇ ಯಹೂದಿಗಳ ಬೀದಿ. 1568ರ ಪರದೇಶಿ ಸಿನಗಾಗ್, ನೀಲಿ ಚಿತ್ತಾರದ ಚೀನೀ ಹಾಸುಬಿಲ್ಲೆಗಳು, 1760ರ ಗಡಿಯಾರ ಗೋಪುರ ಎಲ್ಲವೂ ಸುಸ್ಥಿತಿಯಲ್ಲಿವೆ. ಜನರು ಮಾತ್ರ ಇಲ್ಲ. ಇಸ್ರೇಲ್ ದೇಶ ಸ್ಥಾಪನೆಯಾದ ಬಳಿಕ ಹೆಚ್ಚಿನವರು ಅಲ್ಲಿಗೆ ಹೋದರು, ಉಳಿದವರು ಬೆರಳೆಣಿಕೆಯಷ್ಟು. ಶ್ರಾವಕರ ಮನೆಯೊಂದೂ ಉಳಿಯದ ಊರಿನಲ್ಲಿ ಬಸದಿಯ ಬೀಗದ ಕೈ ಹಿಡಿದಿರುವ ಟ್ರಸ್ಟಿನವರು ಆ ಬಿಲ್ಲೆಗಳ ಮೇಲೆ ನಿಂತರೆ ಅವರಿಗೆ ಯಾವ ವಿವರಣೆಯೂ ಬೇಕಾಗದು. ಕಟ್ಟಡದ ಜೀರ್ಣೋದ್ಧಾರಕ್ಕೆ ಹಣ ಕೂಡಿಸಬಹುದು, ಬೆಳಗ್ಗೆ ದೀಪ ಹಚ್ಚುವ ಕೈಗಳನ್ನು ಕೂಡಿಸುವುದು ಹೇಗೆ? ಅಧ್ಯಾಪಕರು ಅಲ್ಲಿ ಬಹಳ ಹೊತ್ತು ಕುಳಿತರು.

ಸಂಜೆ ಸಮುದ್ರದಂಚಿನಲ್ಲಿ ಸೂರ್ಯಾಸ್ತ ನೋಡಲು ಜನ ಸೇರುತ್ತಾರೆ. ರಾತ್ರಿಭೋಜನ ತ್ಯಾಗವಿದ್ದವರಿಗೆ ಅದೇ ಊಟ ಮುಗಿಸಬೇಕಾದ ಹೊತ್ತು. ಐದು ಗಂಟೆಗೆ ಮುನ್ನವೇ ಗುಜರಾತಿ ರಸ್ತೆಯಲ್ಲಿ ಕಟ್ಟಿಸಿಕೊಂಡ ರೊಟ್ಟಿ, ಬೇಳೆಯನ್ನು ಜೆಟ್ಟಿಯ ಕಲ್ಲುಬೆಂಚಿನ ಮೇಲೆ ಕುಳಿತು ಉಂಡು, ನೀರು ಕುಡಿದು, ಮೂವರೂ ಎರ್ನಾಕುಲಂಗೆ ಮರಳುವ ದೋಣಿ ಹತ್ತಿದರು. ಹೀಗಾಗಿ ಸೂರ್ಯಾಸ್ತ ಅವರಿಗೆ ದೊರೆತದ್ದು ದೋಣಿಯ ಹಿಂಬದಿಯಿಂದ. ಕೆಂಪಾದ ಆಕಾಶದ ಎದುರು ಬಲೆಗಳು ಒಂದೊಂದಾಗಿ ಏಳುತ್ತ, ಇಳಿಯುತ್ತ ಇದ್ದವು.

“ಅಜ್ಜ, ಅಜ್ಜಿ ಚಹಾ ಕೊಡಿಸಿದ್ದು ಅನುಮೋದನೆಯೇ?” ಎಂದು ಆಗ ಹುಡುಗಿ ಕೇಳಿದಳು. ಆ ಪದವನ್ನು ಅವಳು ಎಲ್ಲಿ ಹೆಕ್ಕಿದಳೋ. ಅಜ್ಜ ಅಜ್ಜಿಯ ಮುಖ ನೋಡಿದರು. ಅಜ್ಜಿ, “ಬಾಯಾರಿದವರಿಗೆ ಕೊಟ್ಟದ್ದು ಅಷ್ಟೆ” ಎಂದರು. ಅಜ್ಜನು ಊರಿಗೆ ಹೋದ ಮೇಲೆ ಪುಸ್ತಕ ತೆಗೆದು ಇಬ್ಬರೂ ನೋಡೋಣವೆಂದರು. ಹುಡುಗಿ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು, ಗಡಿಯಾರ ಗೋಪುರದ ಇಸವಿಯ ಕೆಳಗೆ ಅದನ್ನೂ ಬರೆದುಕೊಂಡಳು.